ಪೆಡಲಿನ ಮೇಲೆ ಅವಳ ಕಾಲು

"ಒತ್ತಕ್ಕೆ ಹೇಳವ್ವ," ಎಂದ ತೇಜಸ್, ವ್ಯಾನಿನ ಕೆಳಗಿನಿಂದ. ಜಗಲಿಯ ಮೇಲೆ ಕಾಲು ನೀಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ರಾಮಮ್ಮ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆಸೆದು, ಆಮೇಲೆ ಸೊಸೆಯ ಕಡೆ ತಿರುಗಿ, "ಒತ್ತಬೇಕಂತೆ ಕಣವ್ವ," ಎಂದಳು. ಡ್ರೈವರ್ ಸೀಟಿನಲ್ಲಿ ಕೂತಿದ್ದ ವೀಣಾ ಒತ್ತಿದಳು. ಪೆಡಲು ಕಿರ್ ಎಂದು ಕೆಳಗೆ ಹೋದ ಸದ್ದು ತಗಡಿನೊಳಗಿಂದ ಅವನ ಕಿವಿಗೆ ಬಂತು. ಅವನು ಹಿಂದಿನ ಎಡಚಕ್ರದ, ಗಾಳಿ ಬಿಡುವ ನಿಪ್ಪಲನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿದ. ನಿಪ್ಪಲಿಗೆ ಸಿಕ್ಕಿಸಿದ್ದ ಗ್ಲೂಕೋಸ್ ಪೈಪಿನಲ್ಲಿ ಬ್ರೇಕ್ ಆಯಿಲು ಗುಳ್ಳೆ ಗುಳ್ಳೆಯಾಗಿ ಇಳಿದು ಸೀಸೆಯ ಕಡೆ ಹೊರಟಿತು. "ಹಿಡ್ಕೊಂಡಿರಕ್ಕೆ ಹೇಳವ್ವ, ಕಾಲ್ ಎತ್ತಬಾರ್ದು ಅನ್ನು," ಎಂದ. "ಏನ್ಲಾ ಅಂದೆ?" ಎಂದಳು ಅವ್ವ. ಅವನು ಮತ್ತೊಂದು ಸಲ ಹೇಳುವಷ್ಟರಲ್ಲಿ ವೀಣಾ ಕಾಲು ಎತ್ತಿಯಾಗಿತ್ತು. ಪೈಪಿನಲ್ಲಿ ಇಳಿಯುತ್ತಿದ್ದ ಆಯಿಲು ನಿಂತು, ಒಂದು ಕ್ಷಣ ನಡುಗಿ, ಗುಳ್ಳೆಗಳನ್ನೆಲ್ಲ ಕಟ್ಟಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಬೆಳಗಿನ ತಿಂಡಿಯಾದಾಗಿನಿಂದ ಇದೇ ನಡೆದಿತ್ತು. ಇಬ್ಬರು ಮಾತಾಡದೆ ಮಾಡಬಹುದಾದ ಕೆಲಸಗಳು ಲೋಕದಲ್ಲಿ ಬೇಕಾದಷ್ಟಿವೆ. ಮಾತಿಲ್ಲದೆ ಮುದ್ದೆ ಬಡಿಸಬಹುದು, ಮಾತಿಲ್ಲದೆ ಉಣ್ಣಬಹುದು, ಒಂದೇ ಕೋಣೆಯಲ್ಲಿ ಎರಡು ಗೋಡೆಗಳ ಕಡೆ ಮುಖ ಮಾಡಿ ಮಲಗಬಹುದು. ಇವೆಲ್ಲವನ್ನೂ ಅವರಿಬ್ಬರೂ ಈಚೆಗೆ ಮಾಡಿ ಪಳಗಿದ್ದರು. ಬ್ರೇಕಿನ ಏರ್ ತೆಗೆಯುವುದು ಮಾತ್ರ ಹಾಗಲ್ಲ. ಮೇಲೆ ಕೂತವರು ಒತ್ತಿ ಹಿಡಿದಾಗಲೇ ಕೆಳಗಿದ್ದವನು ಬಿಚ್ಚಬೇಕು, ಕೆಳಗಿದ್ದವನು ಮುಚ್ಚಿದ ಮೇಲೆಯೇ ಮೇಲಿನವರು ಕಾಲೆತ್ತಬೇಕು. ನಡುವೆ ಒಂದು ಉಸಿರಿನಷ್ಟು ಹೆಚ್ಚು ಕಡಿಮೆಯಾದರೂ ಹೊರಗೆ ಬಂದ ಗಾಳಿ ಒಳಗೆ ಹೋಗುತ್ತದೆ. ಅವನ ಮಾತು ಅವರೆಕಾಯಿ ಸುಲಿಯುವ ಮುದುಕಿಯೊಬ್ಬಳ ಬಾಯಿಯನ್ನು ಬಳಸಿಕೊಂಡು ಹೋಗಬೇಕಾಗಿತ್ತು. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಉದುರಿಸಿಕೊಳ್ಳುತ್ತ, ತೇಜಸ್ ಮೂವರನ್ನೂ ಒಟ್ಟಿಗೆ ಬೈದುಕೊಂಡ: ಅವ್ವನನ್ನು, ಅವಳನ್ನು, ಬ್ರೇಕನ್ನು. ಮೂರರಲ್ಲಿ ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ.

ನಾಳೆ ಮಡಿಕೇರಿಯಲ್ಲಿ ಎಫ್.ಸಿ. ಹಳದಿ ಬೋರ್ಡಿನ ಗಾಡಿ ರಸ್ತೆಗೆ ಲಾಯಕ್ಕಾಗಿದೆ ಎಂದು ಸರ್ಕಾರ ಒಪ್ಪಬೇಕಲ್ಲ, ಅದು. ಹೋದ ವಾರ ಒಪ್ಪಿರಲಿಲ್ಲ. ಇನ್ಸ್‌ಪೆಕ್ಟರು ಬೂಟಿನ ತುದಿಯಿಂದ ಪೆಡಲನ್ನು ಒತ್ತಿದ್ದ, ಅದು ಬೆಣ್ಣೆಗೆ ಕಾಲಿಟ್ಟಂತೆ ತಳ ಮುಟ್ಟಿತ್ತು. "ಇದೇನಪ್ಪ ಬ್ರೇಕಾ, ಕಾಲು ಹಾರ್ಮೋನಿಯಮ್ಮಾ?" ಎಂದಿದ್ದ. ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ನಕ್ಕಿದ್ದರು. ಅವರ ಗಾಡಿಗಳ ಬ್ರೇಕೂ ಅಷ್ಟರಲ್ಲೇ ಇದ್ದಿರಬೇಕು, ಅದಕ್ಕೇ ಅಷ್ಟು ಜೋರಾಗಿ ನಕ್ಕಿದ್ದರು. ತೇಜಸನೂ ನಕ್ಕಿದ್ದ. ಅದು ನೆನಪಾದಾಗಲೆಲ್ಲ ಅವನಿಗೆ ತನ್ನ ಹಲ್ಲಿನ ಮೇಲೇ ಸಿಟ್ಟು ಬರುತ್ತಿತ್ತು. ನಾಳೆಯೂ ಪಾಸಾಗದಿದ್ದರೆ ಕುಶಾಲನಗರದ ಶಾಲೆಗೆ ಮಕ್ಕಳನ್ನು ಬಿಡುವ ಟ್ರಿಪ್ಪು ಬೇರೆಯವರಿಗೆ ಹೋಗುತ್ತದೆ. ಹೆಡ್‌ಮಿಸ್ಸು ನಗುತ್ತಲೇ ಹೇಳಿದ್ದರು. ವೀಣಾ ಇವತ್ತು ಬಂದು ಸೀಟಿನಲ್ಲಿ ಕೂತದ್ದೂ ಅದಕ್ಕೇ, ಇನ್ನೇನಕ್ಕೂ ಅಲ್ಲ. ಅವ್ವನ ಕೈಲಿ ಹೇಳಿಸಿದಾಗ ಪಾತ್ರೆ ತೊಳೆದು ಮುಗಿಸಿ, ಕೈ ಒರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಹತ್ತಿದ್ದಳು, ದೇವಸ್ಥಾನಕ್ಕೋ ಆಸ್ಪತ್ರೆಗೋ ಹತ್ತುವವರ ಹಾಗೆ.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಎಂದು ಅವ್ವ ಕೇಳಿದ್ದಳು. ಸುಮ್ಮನೆ ಖರ್ಚು, ಬ್ರೇಕಿನ ರಬ್ಬರ್ ಕಿಟ್ ತಂದಿದ್ದೇನೆ, ನಾನೇ ಹಾಕುತ್ತೇನೆ ಎಂದಿದ್ದ. ಖರ್ಚಿನ ಮಾತಲ್ಲ ಅದು. ಬ್ರೇಕ್ ಹೋದ ಮಾರನೆಯ ದಿನ ಅವನು ಗ್ಯಾರೇಜಿಗೆ ಹೋಗಿದ್ದ, ಮೊಣಕೈಗೆ ಬ್ಯಾಂಡೇಜು ಕಟ್ಟಿಕೊಂಡು. ಅಲ್ಲಿ ಕೂತಿದ್ದವರಿಗೆಲ್ಲ ನಡೆದದ್ದನ್ನು ಹೇಳಿದ್ದ. ಅಷ್ಟರಲ್ಲಾಗಲೇ ಅದನ್ನು ಚೆನ್ನಾಗಿ ಹೇಳಲು ಬರುತ್ತಿತ್ತು. ಎಲ್ಲರೂ ಅಬ್ಬಾ ಎಂದರು. ಮೆಕ್ಯಾನಿಕ್ ದೀಪಕ್ ಮಾತ್ರ, ಯಾವುದೋ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ, "ಪಂಪ್ ಮಾಡ್ಲಿಲ್ವಾ ಅಣ್ಣ?" ಎಂದ. ಕುಹಕವಿರಲಿಲ್ಲ, ಸಂಶಯವೂ ಇರಲಿಲ್ಲ, ಊಟ ಆಯಿತಾ ಎಂದು ಕೇಳುವ ದನಿ. "ಮಾಡ್ದೆ ಮಾರಾಯ, ಎಲ್ಲಿ ಹಿಡೀತದೆ," ಎಂದಿದ್ದ ತೇಜಸ್. ದೀಪಕ್ ತಲೆ ಎತ್ತಿ ಅವನನ್ನು ಒಮ್ಮೆ ನೋಡಿ ಮತ್ತೆ ಬಾನೆಟ್ಟಿಗೆ ಬಗ್ಗಿದ್ದ. ಆಮೇಲೆ ತೇಜಸ್ ಆ ಗ್ಯಾರೇಜಿನ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟ. ಆಯಿಲು ತುಂಬಿಸಿಕೊಂಡು, ಗಾಡಿಯನ್ನು ಗೇರಿನಲ್ಲೇ ಹಿಡಿದುಕೊಂಡು ಶಾಲೆಯ ಮಕ್ಕಳನ್ನು ಬಿಟ್ಟು ಬರುತ್ತಿದ್ದ. ಮಕ್ಕಳು ಹಿಂದೆ ಕೂತು ಹಾಡುತ್ತಿದ್ದವು. ಆ ಹಾಡು ಕೇಳಿದರೆ ಅವನಿಗೆ ಮೈಯೆಲ್ಲ ಬೆವರುತ್ತಿತ್ತು.

ನಡೆದದ್ದು ಇಷ್ಟೇ. ಸುಂಟಿಕೊಪ್ಪದಲ್ಲಿ ವೀಣಾಳ ಚಿಕ್ಕಪ್ಪನ ಮನೆಯ ಗೃಹಪ್ರವೇಶ ಮುಗಿಸಿ ಇಬ್ಬರೇ ಬರುತ್ತಿದ್ದರು. ವೀಣಾ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಹೋಳಿಗೆಯ ಡಬ್ಬಿ. ಎಸ್ಟೇಟಿನ ಗೇಟು ದಾಟಿ ಇಳಿಜಾರು ಶುರುವಾದಾಗ ಅವನು ಬ್ರೇಕ್ ಒತ್ತಿದ. ಪೆಡಲು ತಳಕ್ಕೆ ಹೋಯಿತು, ಕಾಲಿನ ಕೆಳಗೆ ಏನೂ ಇರಲಿಲ್ಲ. ಹ್ಯಾಂಡ್ ಬ್ರೇಕಿನ ಕೇಬಲ್ಲು ಮಳೆಗಾಲದಲ್ಲೇ ತುಂಡಾಗಿತ್ತು, ಹಾಕಿಸಿದರಾಯಿತು ಎಂದು ಬಿಟ್ಟಿದ್ದ. "ಬ್ರೇಕ್ ಇಲ್ಲ," ಎಂದ. "ಆಂ?" ಎಂದು ಅವಳು ತಿರುಗಿದಳು. ಅವಳು ತಿರುಗುವಷ್ಟರಲ್ಲಿ ಅವನು ಬಾಗಿಲು ತೆಗೆದು ಹಾರಿದ್ದ. ಯೋಚಿಸಿ ಮಾಡಿದ್ದಲ್ಲ. ಕಾಫಿ ಗಿಡದ ಕೆಳಗಿನ ದರಗೆಲೆಯ ಮೇಲೆ ಉರುಳಿ, ಮೊಣಕೈ ಕೆತ್ತಿಹೋಗಿ, ಎದ್ದು ಕೂತಾಗ ಕಂಡದ್ದು ತನ್ನದೇ ವ್ಯಾನಿನ ಬೆನ್ನು. ಡ್ರೈವರನಿಲ್ಲದೆ ಅದು ಇಳಿಯುತ್ತಿತ್ತು, ಬಾಗಿಲು ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ತಿರುವಿನ ಹತ್ತಿರ ಅದು ಎಡಕ್ಕೆ ವಾಲಿ, ರಸ್ತೆಯ ಬದಿಯ ಬರೆಯ ಮಣ್ಣಿನ ದಿಬ್ಬ ಹತ್ತಿ, ಲಂಟಾನದ ಪೊದೆಯಲ್ಲಿ ಮೂಗು ಹುಗಿದು ನಿಂತಿತು. ತಾನಾಗಿ ವಾಲಿತು ಎಂದೇ ಮೊದಲು ಅಂದುಕೊಂಡ. ಹತ್ತಿರ ಓಡಿಹೋದಾಗ ವೀಣಾ ಪಕ್ಕದ ಸೀಟಿನಿಂದ ಅಡ್ಡ ಬಗ್ಗಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಬಿಡಿಸಬೇಕಾಯಿತು. ಡಬ್ಬಿಯ ಹೋಳಿಗೆ ಅವಳ ಕಾಲ ಬುಡದಲ್ಲಿ ಚೆಲ್ಲಿತ್ತು. ಅವಳು ಅವನ ಮುಖ ನೋಡಲಿಲ್ಲ, ಖಾಲಿಯಾಗಿದ್ದ ಡ್ರೈವರ್ ಸೀಟನ್ನೇ ನೋಡುತ್ತಿದ್ದಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬೈಕ್ ನಿಲ್ಲಿಸಿ, "ಎಂಥ ಆಯ್ತು?" ಎಂದು ಓಡಿಬಂದಾಗ ತೇಜಸನ ಬಾಯಿಂದ, ಅವನು ಕರೆಯದೆಯೇ, ಆ ಮಾತು ಬಂತು: "ಬ್ರೇಕ್ ಹೋಯ್ತು ಸಾರ್. ಇಳಿದು ಹಿಡ್ಕೊಂಡು ನಿಲ್ಸಕ್ಕೆ ನೋಡ್ದೆ, ಎಳ್ಕೊಂಡೇ ಹೋಯ್ತು." ರೈಟರು ಅವನ ಮೊಣಕೈಯ ರಕ್ತ ನೋಡಿ ತಲೆಯಾಡಿಸಿದರು. ಇಳಿಜಾರಿನಲ್ಲಿ ಓಡುವ ವ್ಯಾನನ್ನು ಕೈಯಲ್ಲಿ ಹಿಡಿದು ನಿಲ್ಲಿಸಲು ಹೋಗುವ ಹುಚ್ಚ ಯಾವನಿದ್ದಾನೆ? ಆದರೆ ಜನಕ್ಕೆ ಹುಚ್ಚು ಧೈರ್ಯವೆಂದರೆ ಇಷ್ಟ. ವೀಣಾ ಪಕ್ಕದಲ್ಲಿ ನಿಂತು ಸೀರೆಗೆ ಸಿಕ್ಕಿದ್ದ ಲಂಟಾನದ ಮುಳ್ಳು ಕೀಳುತ್ತಿದ್ದಳು, ಕೇಳಿಸಿಕೊಂಡಳು, ಇಲ್ಲ ಎನ್ನಲಿಲ್ಲ. ಮನೆಗೆ ಬಂದ ಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು. ಕೂಗಾಡಿದ್ದರೆ, ಅತ್ತಿದ್ದರೆ, ತವರಿಗೆ ಹೊರಟಿದ್ದರೆ ಅವನು ಏನಾದರೂ ಹೇಳುತ್ತಿದ್ದ. ಒಂದು ರಾತ್ರಿ ತಾನೇ ಶುರು ಮಾಡಿದ್ದ: "ಬ್ರೇಕೇ ಇರ್ಲಿಲ್ಲ ಕಣೆ. ಯಾರ್ ಕೂತಿದ್ರೂ ಅಷ್ಟೇ. ಏನೂ ಮಾಡಕ್ ಆಗ್ತಿರ್ಲಿಲ್ಲ." ಅವಳು ಮಗ್ಗುಲು ಬದಲಿಸಿದ್ದಳು. ಆದರೆ ಆ ಮಾತನ್ನು ಅವಳು ಒಂದು ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಹಾರಿದ್ದು ಹಾರಿದ್ದೇ. ಆದರೆ ಮಾಡಲು ಬೇರೇನೂ ಇಲ್ಲದಾಗ ಹಾರುವುದು ಬೇರೆ. ಅಷ್ಟು ಜಾಗದಲ್ಲಿ ಅವನು ನಿಂತಿದ್ದ, ಒಂಟಿ ಕಾಲಿನಲ್ಲಿ.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಅವ್ವ ಎದ್ದಳು. "ನಂಗೆ ಗಂಟ್ಲು ಒಣಗೋಯ್ತು ನಿಮ್ಮಿಬ್ರ ಮಧ್ಯ ಕೂಗಿ ಕೂಗಿ. ಗಂಡ ಹೆಂಡ್ತಿ ತಾನೆ, ನೀವೇ ಹೇಳ್ಕಳಿ," ಎಂದು ಕ್ಯಾನು ಹಿಡಿದು ಹೊರಟಳು. ಅಂಗಳದಲ್ಲಿ ಕೋಳಿಗಳ ಸದ್ದು ಬಿಟ್ಟರೆ ಏನೂ ಉಳಿಯಲಿಲ್ಲ. ತೇಜಸ್ ಸ್ಪ್ಯಾನರ್ ಹಿಡಿದು ಮಲಗಿದ್ದ. ಮೇಲೆ ಅವಳು ಇಳಿದುಹೋಗುವ ಸದ್ದಿಗೆ ಕಾದ. ಇಳಿಯಲಿಲ್ಲ. ಜ್ಯಾಕಿನ ಮೇಲೆ ನಿಂತ ಗಾಡಿ ಅವಳು ಸ್ವಲ್ಪ ಅಲುಗಿದಾಗಲೂ ಕಿರುಗುಟ್ಟುತ್ತಿತ್ತು. ಚಕ್ರ ಬಿಚ್ಚಿ ಅದನ್ನೇ ಗಾಡಿಯ ಅಡಿಗೆ ಸೇರಿಸಿದ್ದ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಅವಳು ಕೂರುವ ಮೊದಲು ಆ ಕಲ್ಲುಗಳನ್ನು ಕಾಲಿನಿಂದ ಒದ್ದು ನೋಡಿದ್ದ. ಗಾಡಿಯ ಮೇಲಿನ ಭಯವೋ ಅವಳ ಮೇಲಿನದೋ ಅವನಿಗೇ ಗೊತ್ತಿರಲಿಲ್ಲ. ತಾನು ಕೆಳಗೆ, ಅವಳು ಸ್ಟೇರಿಂಗಿನ ಹಿಂದೆ. ಯಾರಾದರೂ ನೋಡಿದರೆ ನಗಬೇಕು.

"ಒತ್ತು," ಎಂದ, ಅವಳಿಗೇ. ಪೆಡಲು ಕಿರ್ ಎಂದಿತು. ಅವನ ಎದೆ ಧಸಕ್ಕೆಂದಿತು, ಮದುವೆಯ ಹೊಸತರಲ್ಲಿ ಕತ್ತಲೆಯಲ್ಲಿ ಅವಳ ಬಳೆ ಸದ್ದಾದಾಗ ಆಗುತ್ತಿದ್ದ ಹಾಗೆ. "ಹಿಡ್ಕೊ." ಅವಳು ಹಿಡಿದಳು. ಬಿಚ್ಚಿದ, ಆಯಿಲು ಬಂತು, ಮುಚ್ಚಿದ. "ಬಿಡು." ಬಿಟ್ಟಳು. "ಒತ್ತು." ಒತ್ತಿದಳು. ಎಷ್ಟು ಸಲೀಸಾಗಿತ್ತು! ಅವನು ಹೇಳಿದ ಪ್ರತಿಯೊಂದಕ್ಕೂ ಉತ್ತರ ಬರುತ್ತಿತ್ತು, ಬಾಯಿಂದಲ್ಲದಿದ್ದರೂ. ಹೇಳಿದ ಕೂಡಲೇ ಬರುತ್ತಿತ್ತು. ಅವನು ಬೇಕೆಂದೇ ಮೆಲ್ಲಗೆ ಹೇಳಿ ನೋಡಿದ, ಪಿಸುಗುಟ್ಟಿ ನೋಡಿದ. ಆಗಲೂ ಕಾಲು ಕೇಳಿಸಿಕೊಂಡಿತು. ಅವಳು ಕಿವಿ ಕೊಟ್ಟು ಕೂತಿದ್ದಾಳೆ ಎಂದಾಯಿತು. ಬಿಸಿಲು ಇಳಿಯುತ್ತಿತ್ತು, ಆಚೆ ಮನೆಯವರ ಕಣದಿಂದ ಶುಂಠಿಯ ವಾಸನೆ ಬರುತ್ತಿತ್ತು. ಹೀಗೇ ನಾಲ್ಕು ಚಕ್ರ ಮುಗಿಯುವವರೆಗೂ ಹೇಳುತ್ತ ಹೋದರೆ ಎಲ್ಲೋ ಒಂದು ಕಡೆ ಅವಳು ಹೂಂ ಎಂದುಬಿಡಬಹುದು ಎಂದು ಅವನಿಗೆ ಆಸೆಯಾಯಿತು. ಅಷ್ಟು ಕೆಳಮಟ್ಟದ ಆಸೆಗೆ ಬಂದು ನಿಂತದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ಗುಳ್ಳೆ ನಿಲ್ಲಲಿಲ್ಲ. ಎಷ್ಟು ಸಲ ಒತ್ತಿ ಬಿಟ್ಟರೂ ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತಲೇ ಇತ್ತು. ತೆವಳಿಕೊಂಡು ಹೊರಗೆ ಬಂದು, ಅವಳ ಕಡೆ ನೋಡದೆ, ಬಾಗಿಲಿನಿಂದ ಕೈ ಹಾಕಿ ಪೆಡಲನ್ನು ಅಂಗೈಯಿಂದ ಒತ್ತಿ ನೋಡಿದ. ಅವಳು ಕಾಲನ್ನು ಪಕ್ಕಕ್ಕೆ ಎಳೆದುಕೊಂಡಳು, ಅವನ ಕೈ ತಾಗದ ಹಾಗೆ. ಅದೇ ಬೆಣ್ಣೆ. ಅದೇ ಹಾರ್ಮೋನಿಯಂ. ಬ್ರೇಕಿನ ಡಬ್ಬಿಗೆ ಆಯಿಲು ತುಂಬಿಸಿ ಮತ್ತೆ ಗೋಣಿಯ ಮೇಲೆ ಮಲಗಿದ.

ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಬೆಳಗಿನಿಂದಲೂ ಗೊತ್ತಿತ್ತು. ಒಂದೊಂದೇ ಸಲ ಒತ್ತಿದರೆ ಗಾಳಿ ಪೈಪಿನಲ್ಲಿ ಅತ್ತಿತ್ತ ಓಡಾಡುತ್ತದೆ ಅಷ್ಟೆ. ಮೂರು ಸಲ ಜೋರಾಗಿ ಪಂಪ್ ಮಾಡಬೇಕು. ಒಳಗಿನ ಆಯಿಲು ಒತ್ತಿಕೊಂಡು ಬಂದು ಪೆಡಲು ಕಾಲಿನ ಕೆಳಗೆ ಕಲ್ಲಾಗುತ್ತದೆ. ಆಗ ಹಿಡಿದುಕೊಳ್ಳಬೇಕು, ಆಗ ಬಿಚ್ಚಬೇಕು. ಕುಶಾಲನಗರದಿಂದ ಮಡಿಕೇರಿವರೆಗೆ ಯಾವ ಕ್ಲೀನರನ್ನು ಕೇಳಿದರೂ ಹೇಳುತ್ತಾನೆ. ಆ ಒಂದು ಮಾತನ್ನು ಅವನು ಬೆಳಗಿನಿಂದ ಬಾಯಿಗೆ ಬಾರದ ಹಾಗೆ ತಡೆದುಕೊಂಡು ಬಂದಿದ್ದ. ಅವ್ವ ಮಧ್ಯೆ ಇದ್ದುದರಿಂದ ಏರ್ ಪೂರ್ತಿ ಹೊರಗೆ ಬರುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೇಳಿದರೆ ಅವಳು ಒತ್ತುತ್ತಾಳೆ. ಒಂದನೆಯದಕ್ಕೆ ತಳ ಮುಟ್ಟುವ ಪೆಡಲು ಮೂರನೆಯದಕ್ಕೆ ಕಲ್ಲಾಗುವುದು ಅವಳ ಅಂಗಾಲಿಗೇ ಗೊತ್ತಾಗುತ್ತದೆ. ಅವಳು ದಡ್ಡಿಯಲ್ಲ. ಸಾರಿಗೆ ಉಪ್ಪು ಎಷ್ಟು ಬಿದ್ದಿದೆ ಎಂದು ವಾಸನೆಯಲ್ಲೇ ಹೇಳುವ ಹೆಂಗಸು.

ಹೇಳದೆಯೂ ಇರಬಹುದಿತ್ತು. ನಾಳೆ ಇನ್ಸ್‌ಪೆಕ್ಟರು ಬೂಟು ಇಡುತ್ತಾನೆ, ತಳ ಮುಟ್ಟುತ್ತದೆ, ನಗುತ್ತಾರೆ, ಟ್ರಿಪ್ಪು ಹೋಗುತ್ತದೆ. ಹೋಗಲಿ. ಶುಂಠಿ ಲೋಡಿಗೆ ಹೋದರಾಯಿತು. ಅಥವಾ ಟ್ರಿಪ್ಪು ಹೋಗದೆಯೂ ಇರಬಹುದು. ಹೇಗೋ ಕೈಕಾಲು ಹಿಡಿದು ಇನ್ನೊಂದು ವಾರ ತಳ್ಳಿ, ಮಕ್ಕಳನ್ನು ಕೂರಿಸಿಕೊಂಡು ಅದೇ ಬ್ರೇಕಿನಲ್ಲಿ ಶಾಲೆಯ ದಾರಿಯ ನಾಲೆಯ ಏರಿಯಿಂದ ಇಳಿಯಬಹುದು. ಹಾಗೆ ಯೋಚಿಸುತ್ತಿರುವಾಗ ಆ ಮಕ್ಕಳ ಹಾಡು ತಲೆಯೊಳಗೆ ಶುರುವಾಯಿತು. ಅವನಿಗೆ ವೀಣಾಳ ಮೇಲೆ ತಡೆಯಲಾರದ ಸಿಟ್ಟು ಬಂತು. ಇವಳೇ ಯಾಕೆ ಕೂರಬೇಕಿತ್ತು ಪೆಡಲಿನ ಮೇಲೆ? ಇವಳೇ ಯಾಕೆ ಇರಬೇಕಿತ್ತು ಅವತ್ತು ಪಕ್ಕದ ಸೀಟಿನಲ್ಲಿ? ಅವನೊಬ್ಬನೇ ಇದ್ದಿದ್ದರೆ ಹಾರಿದ್ದು ಜಾಣತನವಾಗುತ್ತಿತ್ತು. ಅವಳು ಇದ್ದುದರಿಂದ ಹೇಡಿತನವಾಯಿತು. ಅವಳು ಸತ್ತಿದ್ದರೆ ಎಂದು ಅರೆಗಳಿಗೆ ಹೊಳೆಯಿತು, ಕೇಳಲು ಯಾರೂ ಇರುತ್ತಿರಲಿಲ್ಲ ಎಂದು. ಅದನ್ನು ಅವನು ಅಲ್ಲೇ ಅಮುಕಿದ. ಅಮುಕಿದರೂ ಅದು ಹೊಳೆದದ್ದು ಹೊಳೆದೇ ಇತ್ತು, ಇಂಥ ಮನುಷ್ಯನ ತಲೆಯಲ್ಲಿ.

"ಮೂರು ಸಲ ಜೋರಾಗಿ ಒತ್ತಿ ಬಿಟ್ಟು, ಆಮೇಲೆ ಹಿಡ್ಕೊ," ಎಂದ ಕೊನೆಗೆ. ಸಿಟ್ಟಿನಲ್ಲೇ ಹೇಳಿದ, ಬೈಗುಳ ಹೇಳಿದ ಹಾಗೆ.

ಕಿರ್. ಕಿರ್. ಮೂರನೆಯದಕ್ಕೆ ಕಿರ್ ಎನ್ನಲಿಲ್ಲ; ಅರ್ಧಕ್ಕೇ ನಿಂತು ಟಕ್ ಎಂದಿತು. ಅವನು ನಿಪ್ಪಲು ಬಿಚ್ಚಿದ. ಒಂದು ದೊಡ್ಡ ಗುಳ್ಳೆ, ಬೆಳಗಿನಿಂದ ಅವಿತುಕೊಂಡಿದ್ದದ್ದು, ಬುಸ್ಸೆಂದು ಹೊರಗೆ ಬಂತು. ಮುಚ್ಚಿದ. "ಬಿಡು," ಎಂದ. ಅವಳು ಬಿಟ್ಟಳು. "ಇನ್ನೊಂದ್ಸಲ." ಕಿರ್, ಕಿರ್, ಟಕ್. ಮತ್ತೆ ಗುಳ್ಳೆ. "ಬಿಡು."

ಬಿಟ್ಟಳು. ಅವನು ಇನ್ನೂ ಬಾಯಿ ತೆರೆದಿರಲಿಲ್ಲ, ಮೇಲೆ ಪೆಡಲು ತಾನಾಗಿ ಸದ್ದು ಮಾಡಿತು. ಒಂದು ಸಲ ಒತ್ತಿ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು ಬೇಗ ಬೇಗ ಮೂರು ಸಲ ಒತ್ತಿದಳು. ಟಕ್. ಮತ್ತೆ ಬಿಟ್ಟು, ಕಾದು, ಒಂದು. ಮತ್ತೆ ಮೂರು. ಟಕ್. ಅಂಗಡಿಯಲ್ಲಿ ಕೊಡ ತಟ್ಟಿ ನೋಡುವವರ ಹಾಗೆ ಅವಳು ತಟ್ಟಿ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡ. ಮೂಗಿನ ಮೇಲೆ ಆಯಿಲಿನ ಹನಿ ಬಿದ್ದು ತುಟಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಮೂರು ಸಲಕ್ಕೆ ಗಟ್ಟಿ ಆಗ್ತದೆ," ಎಂದಳು ವೀಣಾ. ಎಷ್ಟೋ ದಿನಗಳ ಮೇಲೆ ಅವನೊಂದಿಗೆ ಆಡಿದ ಮಾತು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೂಂ."

"ಅವತ್ತೂ ಆಗ್ತಿತ್ತಾ?"

"ಅವತ್ತು ಹಿಂದಿನ ಸಿಲಿಂಡರ್ ಲೀಕ್ ಇತ್ತು, ರಬ್ಬರ್ ಹರಿದೋಗಿತ್ತು, ಕಿಟ್ ಈಗ ತಾನೆ..."

"ನಾನ್ ಕೇಳಿದ್ದು ಅದಲ್ಲ. ಹಿಂಗೆ ಒತ್ತಬೇಕು ಅಂತ ನಿಮಗೆ ಗೊತ್ತಿತ್ತಾ?"

ಅವನು ಇಲ್ಲ ಎನ್ನಬಹುದಿತ್ತು. ಹನ್ನೆರಡು ವರ್ಷದಿಂದ ಸ್ಟೇರಿಂಗ್ ಹಿಡಿದವನು ಇಲ್ಲ ಎಂದರೆ ಅವಳು ನಂಬುವುದಿಲ್ಲ, ಅದು ಬೇರೆ. ಇದ್ದಕ್ಕಿದ್ದಂತೆ ಆ ಇಳಿಜಾರು ಪೂರ್ತಿಯಾಗಿ ಅವನ ಮುಂದೆ ಬಂತು. ಪೆಡಲು ತಳ ಮುಟ್ಟಿದಾಗ ಪಂಪ್ ಮಾಡು ಎಂಬ ಮಾತು ತಲೆಗೆ ಬಂದಿತ್ತು. ಬಂದಿತ್ತು, ಸ್ಪಷ್ಟವಾಗಿ, ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾ‌ಗೆ. ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಅವನು ಎರಡನ್ನೂ ತಿಳಿದು ಒಂದನ್ನು ಮಾಡಿದ್ದ.

"ಗೊತ್ತಿತ್ತು," ಎಂದ.

ಮೇಲೆ ಸೀಟಿನ ಸ್ಪ್ರಿಂಗು ಸದ್ದಾಯಿತು. ಈಗ ಇಳಿಯುತ್ತಾಳೆ ಎಂದುಕೊಂಡ. ಕಿರ್, ಕಿರ್, ಟಕ್. "ಹಿಡ್ಕೊಂಡಿದೀನಿ, ಬಿಚ್ಚಿ," ಎಂದಳು.

ಅಲ್ಲಿಂದ ಮುಂದೆ ಕೆಲಸ ಅವಳದಾಯಿತು. ಅವನು ಒತ್ತು ಎನ್ನುವ ಮೊದಲೇ ಒತ್ತುತ್ತಿದ್ದಳು, "ಮುಚ್ಚಿದ್ರಾ?" ಎಂದು ಕೇಳಿ ಬಿಡುತ್ತಿದ್ದಳು. "ಗುಳ್ಳೆ ನಿಂತಿತಾ? ಹಂಗಾದ್ರೆ ಮುಂದಿನ ಚಕ್ರಕ್ಕೆ ಹೋಗಿ. ಡಬ್ಬಿಲಿ ಆಯಿಲ್ ಕಮ್ಮಿ ಆಗದೆ, ಮೊದ್ಲು ಹಾಕಿ." ಅವನು ಚಕ್ರದಿಂದ ಚಕ್ರಕ್ಕೆ ತೆವಳಿದ. ಹಿಂದಿನ ಚಕ್ರ ಹಾಕಿ ಜ್ಯಾಕನ್ನು ಮುಂದಕ್ಕೆ ಕೊಟ್ಟ. ಇಬ್ಬರೂ ಕೂಡಿ ಇಷ್ಟು ಹೊಂದಿಕೆಯಿಂದ ಮಾಡಿದ ಕೆಲಸ ಮದುವೆಯಾದಾಗಿನಿಂದ ಅವನಿಗೆ ಇನ್ನೊಂದು ನೆನಪಾಗಲಿಲ್ಲ. ಗೊತ್ತಿತ್ತು ಎಂದದ್ದೇ ಒಳ್ಳೆಯದಾಯಿತು ಎಂದು ಅನ್ನಿಸತೊಡಗಿತು. ಹೇಳಿಬಿಟ್ಟೆನಲ್ಲ, ಇನ್ನೇನಿದೆ, ಹೊಡೆಯುವುದಿದ್ದರೆ ಹೊಡೆಯಲಿ, ಬೈಯುವುದಿದ್ದರೆ ಬೈಯಲಿ, ಮಾತಂತೂ ಬಂತು. ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು. ಕೊನೆಯ ನಿಪ್ಪಲು ಮುಚ್ಚಿ, ಚಕ್ರ ಹಾಕಿ, ಜ್ಯಾಕ್ ಇಳಿಸಿ, ಎದ್ದು ನಿಂತು ಬಾಗಿಲಿನಿಂದ ಕೈ ಹಾಕಿ ಪೆಡಲು ಒತ್ತಿದ. ಕಲ್ಲು. ಮೊದಲ ಒತ್ತಿಗೇ ಕಲ್ಲು. "ಆಯ್ತು ಕಣೆ," ಎಂದು ಅವಳ ಮುಖ ನೋಡಿದ. ಅವಳು ಚಪ್ಪಲಿ ಹುಡುಕುತ್ತಿದ್ದಳು.

ಅವ್ವ ಖಾಲಿ ಕ್ಯಾನು ಹಿಡಿದು ಬಂದಳು, ಜೊತೆಯಲ್ಲಿ ಡೈರಿಯ ಕಲ್ಲೇಶಪ್ಪ. ಹಾಲಿನ ಡಿಗ್ರಿ ನೋಡುವುದು ಅವರ ಕೆಲಸ, ಊರಿನ ಸುದ್ದಿ ಅಳೆಯುವುದು ಅವರ ಚಟ. ತೇಜಸನ ಮೊಣಕೈಯ ಕಥೆಯನ್ನು ಕ್ಯಾನು ತರುವವರಿಗೆಲ್ಲ ಹೇಳಿ ಹರಡಿದವರು ಅವರೇ. "ಏನಪ್ಪ ತೇಜು, ಗಾಡಿ ರಿಪೇರಿ ಆಯ್ತಾ? ನೀನೇನ್ ಬಿಡು, ಬ್ರೇಕ್ ಇಲ್ದಿದ್ರೆ ಕೈಲೇ ಹಿಡ್ದು ನಿಲ್ಲುಸ್ತೀಯ," ಎಂದು ನಕ್ಕರು. ಅವರು ಈ ಮಾತು ಹೇಳಿದಾಗಲೆಲ್ಲ ವೀಣಾ ಒಳಗೆ ಹೋಗುತ್ತಿದ್ದಳು, ಇಲ್ಲವೇ ಹೂಂ ಎಂದು ಸುಮ್ಮನಾಗುತ್ತಿದ್ದಳು. ಇವತ್ತು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅವರ ಎದುರಿಗೆ ಬಂದು ನಿಂತಳು.

"ಹೂಂ ಕಲ್ಲೇಶಣ್ಣ. ನಾನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರ್ಲಿಲ್ಲ, ಭಯಕ್ಕೆ ಬಾಯೇ ಬರ್ತಿರ್ಲಿಲ್ಲ," ಎಂದಳು. "ಅವತ್ತು ಇವ್ರು ಇಲ್ದಿದ್ರೆ ನಾನು ಉಳೀತಿರ್ಲಿಲ್ಲ." ತೇಜಸ್ ಕೈಯ ಆಯಿಲು ಒರೆಸಿಕೊಳ್ಳುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. ಅವಳು ನಗುತ್ತ ಹೇಳಿದಳು, ಅವನನ್ನು ನೋಡುತ್ತಲೇ ಹೇಳಿದಳು. "ಹೆದರ್ಬೇಡ ವೀಣಾ ಅಂದ್ರು. ಸ್ಟೇರಿಂಗ್‌ನ ಬರೆ ಕಡೆಗೆ ತಿರುಗಿಸಿಟ್ರು. ಅದಕ್ಕೇ ಅಣ್ಣ ಗಾಡಿ ಬರೆಗೆ ಹೋಗಿ ನಿಂತಿದ್ದು, ಇಲ್ಲಾಂದ್ರೆ ಹಳ್ಳಕ್ಕೇ. ಆಮೇಲೇ ಇಳಿದು ಹಿಡ್ಕೊಳಕ್ಕೆ ಹೋಗಿದ್ದು." ಅವ್ವ ಕ್ಯಾನನ್ನು ಕೆಳಗಿಟ್ಟು ಕಣ್ಣಿಗೆ ಸೆರಗು ಹಚ್ಚಿದಳು. "ಇಷ್ಟ್ ದಿನ ಯಾಕವ್ವ ಹೇಳ್ಲಿಲ್ಲ ನೀನು," ಎಂದು ಸೊಸೆಯ ಬೆನ್ನು ಸವರಿದಳು. ಕಲ್ಲೇಶಪ್ಪ ಬೆರಗಿನಿಂದ ಬಾಯಿ ಬಿಟ್ಟುಕೊಂಡು ನಿಂತರು. ನಾಳೆ ಬೆಳಗಿನ ಹಾಲಿನ ಹೊತ್ತಿಗೆ ಊರು ತುಂಬುವಷ್ಟು ಸಿಕ್ಕಿತ್ತು ಅವರಿಗೆ. ತೇಜಸ್ ಅವಳನ್ನು ನೋಡಿದ. ಎಷ್ಟು ಚೆನ್ನಾಗಿ ಹೇಳುತ್ತಿದ್ದಳು, ತಾನು ಹೇಳಿದ್ದಕ್ಕಿಂತ ಎಷ್ಟು ಚೆನ್ನಾಗಿ! ಇನ್ನು ಮುಂದೆ ಮದುವೆಯಲ್ಲಿ, ತಿಥಿಯಲ್ಲಿ, ಬಸ್ಸಿನಲ್ಲಿ, ಯಾರು ಸಿಕ್ಕಿದರೂ ಹೇಳುತ್ತಾಳೆ, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳುತ್ತಾಳೆ.

"ಬ್ರೇಕೂ ಒತ್ತುದ್ರು ಅಣ್ಣ," ಎಂದಳು ವೀಣಾ. "ಸುಮ್ನೆ ಬಿಡ್ಲಿಲ್ಲ. ಒಂದ್ಸಲ ಅಲ್ಲ, ಮೂರು ಸಲ ಒತ್ತುದ್ರು. ನಾನು ಪಕ್ಕದಲ್ಲೇ ಇದ್ನಲ್ಲ, ನೋಡ್ತಾ ಇದ್ದೆ."

ಕಲ್ಲೇಶಪ್ಪ ತೇಜಸನ ಕಡೆ ತಿರುಗಿದರು. "ಮೂರು ಸಲ ಒತ್ತುದ್ರೂ ಹಿಡೀಲಿಲ್ವೇನಪ್ಪ?"

ವೀಣಾ ಕಾಯುತ್ತಿದ್ದಳು. ಅವ್ವ ಕಾಯುತ್ತಿದ್ದಳು. ಅವನ ಕೈಯ ಆಯಿಲು ಬಟ್ಟೆಗೆ ಹತ್ತಿ, ಬಟ್ಟೆಯಿಂದ ಮತ್ತೆ ಕೈಗೆ ಹತ್ತುತ್ತಿತ್ತು.

"ಇಲ್ಲ ಕಲ್ಲೇಶಣ್ಣ," ಎಂದ ತೇಜಸ್. "ಮೂರು ಸಲ ಒತ್ತಿದೆ. ಹಿಡೀಲಿಲ್ಲ."

"ನೀವ್ ಕೂತ್ಕಳಿ ಅಣ್ಣ, ಕಾಫಿ ತರ್ತೀನಿ," ಎಂದು ವೀಣಾ ಒಳಗೆ ಹೋದಳು. ಹೊಸ್ತಿಲ ಹತ್ತಿರ ನಿಂತು ಅತ್ತೆಯ ಕಡೆ ತಿರುಗಿದಳು. "ಕಾಫಿ ಬೇಕಾ ಅಂತ ನಿಮ್ಮ ಮಗನ್ನ ಕೇಳಿ ಅತ್ತೆ."